ನೆಲ್ಲು ಗದ್ದಿ ಮ್ಯಾಲ ಹಾಯೋ ಲಿಂಕು, ಅದನ್ನ ಲಾಕ್ ಮಾಡಿದ ನಾನು

ನಸುಕಿನ 5 ಗಂಟೆಗೆ ರೈಸ್ ಮಿಲ್ಲಿನ ಗುಮಾಸ್ತರ ಫೋನ್ ಬಂತಂದ್ರ ಅದು ಚಲೋ ಸುದ್ದಿ ಆಗಿರಂಗಿಲ್ಲ ಅಂತ ನನಗ ಮೂರನೇ ದಿನಕ್ಕ ಗೊತ್ತಾಗಿಬಿಟ್ಟಿತ್ತು. "ತಮ್ಮಾ, ಮತ್ತ ನೆಟ್ ಹೋಗೈತಿ ನೋಡಪಾ, ನಾಕು ಲಾರಿ ಲೋಡ್ ಆಗಿ ನಿಂತಾವ, ಈ-ವೇ ಬಿಲ್ ಆಗವಲ್ದು, ಡ್ರೈವರ್‌ಗಳು ನನ್ನ ತಲಿ ತಿನ್ನಾಕತ್ತಾರ." ಹಾಸಿಗ್ಯಾಗ ಕುಂತು ಲ್ಯಾಪ್‌ಟಾಪ್ ತೆಗೆದು ನೋಡಿದ್ರ ಆ ಕಡೆ ರೇಡಿಯೋ ಸಿಗ್ತಾನೇ ಇರ್ಲಿಲ್ಲ. ಮುಖ ತೊಳಕೊಂಡು, ನನ್ನ ಕೂಡ ಕೆಲಸ ಮಾಡೋ ಹುಡುಗನ್ನ ಎಬ್ಬಿಸಿ, ಗಾಡಿ ಮ್ಯಾಲ ಹಗ್ಗ ಬೆಲ್ಟು ಕಟ್ಟಿಕೊಂಡು ಹೋಗಿ ಮಿಲ್ಲಿನ ಚಾವಣಿ ಏರೋದ್ರಾಗ 7 ದಾಟಿರ್ತಿತ್ತು, ಅಷ್ಟರಾಗ ಲಿಂಕ್ ತಾನ ಎದ್ದು ಕುಂತಿರ್ತಿತ್ತು, ಏನೂ ಆಗೇ ಇಲ್ಲ ಅನ್ನಂಗ. ಗುಮಾಸ್ತರು ಕೆಳಗಿಂದ ನನ್ನ ಕಡೆ ನೋಡಿದ ನೋಟ ಈಗ್ಲೂ ನೆನಪೈತಿ. ನೀ ಬರೋದಕ್ಕೂ ಅದು ಬರೋದಕ್ಕೂ ಸಂಬಂಧ ಇಲ್ಲ ಅನ್ನೋದು ಅವ್ರಿಗೂ ಗೊತ್ತಿತ್ತು.

ಇದನ್ನ ಈಗ ಬರಿಯಾಕತ್ತಿದ್ದು ಯಾಕಂದ್ರ, ನಮ್ಮಲ್ಲಿ ಇಬ್ಬರು ಹೊಸ ಹುಡುಗ್ರು ಸೇರ್ಯಾರ, ಮೊನ್ನೆ ಅವ್ರೂ ನಾ ಮಾಡಿದ್ದ ತಪ್ಪನ್ನ ಮಾಡಾಕ ಹೊಂಟಿದ್ರು. ಬಾಯಿಲೆ ಹೇಳಿದ್ರ ಅರ್ಧ ಮರೀತಾರ, ಬರದಿಟ್ರ ಯಾವಾಗರ ನೋಡ್ಯಾರು.

ನಮ್ದು ಸಿಂಧನೂರಿನ್ಯಾಗ ಸಣ್ಣ ಇಂಟರ್ನೆಟ್ ಕಂಪನಿ. ಫೈಬರ್ ಎಳಿಯಾಕ ಆಗದ ಕ್ಯಾಂಪುಗಳಿಗೆ (ಕಾಲುವಿ ಸೀಮ್ಯಾಗ ಎದ್ದ ಸಣ್ಣ ಊರುಗಳು), ಮಿಲ್ಲುಗಳಿಗೆ 5.8 ಗಿಗಾಹರ್ಟ್ಜ್ ರೇಡಿಯೋ ಡಿಶ್ ಹಾಕಿ ನೆಟ್ ಕೊಡತೀವಿ. 5725ರಿಂದ 5875 ಮೆಗಾಹರ್ಟ್ಜ್ ತನಕ ಲೈಸೆನ್ಸ್ ಬೇಕಾಗಂಗಿಲ್ಲ, 2018ರ ಅಕ್ಟೋಬರ್ ಗೆಜೆಟ್‌ನ್ಯಾಗ ಸರ್ಕಾರ 5 ಗಿಗಾಹರ್ಟ್ಜ್‌ನ ದೊಡ್ಡ ಪಟ್ಟಿನ ಬಿಟ್ಟುಕೊಟ್ಟೈತಿ. ಪವರ್ ಮಾತ್ರ ಡಿಶ್ಶಿನ ಗೇನ್ (ಒಂದ ದಿಕ್ಕಿಗೆ ಒಗ್ಗೂಡಿಸೋ ಬಲ) ಹಿಡಿದು 36 ಡಿಬಿಎಂ, ಅಂದ್ರ 4 ವ್ಯಾಟ್ ಮೀರಂಗಿಲ್ಲ. ಈ ಮಾತು ಮುಂದ ಬರತೈತಿ, ನೆನಪಿಟ್ಕೋರಿ.

ಲಿಂಕ್ ಹಿಂಗಿತ್ತು: ಊರಾಗ ನಮ್ಮ ಟವರ್ ಮ್ಯಾಲ 30 ಮೀಟರ್ ಎತ್ತರದಾಗ ಒಂದು ಡಿಶ್, ಗಂಗಾವತಿ ರೋಡಿನ ಕಡೆ 12 ಕಿಲೋಮೀಟರ್ ದೂರದ ಮಿಲ್ಲಿನ ಚಾವಣಿ ಮ್ಯಾಲ ಪೈಪ್ ನಿಲ್ಲಿಸಿ ಇನ್ನೊಂದು, ನೆಲದಿಂದ ಇಪ್ಪತ್ತೂವರೆ ಮೀಟರ್. ನಡುವ ಒಂದು ಗುಡ್ಡ ಇಲ್ಲ, ದಿಬ್ಬ ಇಲ್ಲ, ಅಂಗೈಯಂಗ ಸಪಾಟು. ಹಾಕಿದ್ದು ಮೇ ತಿಂಗಳ್ದಾಗ. ಕಾಲುವಿ ನೀರು ಬಂದ್ ಆಗಿತ್ತು, ಗದ್ದಿ ಎಲ್ಲಾ ಕೊಯ್ದು ಕೂಳಿ ಒಣಗಿ ನೆಲ ಬಾಯಿ ಬಿಟ್ಟಿತ್ತು, ದನ ಮೇಯ್ತಿದ್ವು. ಸಿಗ್ನಲ್ ಮೈನಸ್ 63, ನಾಯ್ಸ್ ಮೈನಸ್ 95, ಅಂದ್ರ 32 ಡಿಬಿ ಅಂತರ. ಡಿಬಿ ಅಂದ್ರ ಸಿಗ್ನಲ್ ಅಳಿಯೋ ಲೆಕ್ಕ, ಸಿಗ್ನಲ್ಲಿನ ಮೈನಸ್ ಅಂಕಿ ಸೊನ್ನಿಗೆ ಹತ್ತಿರ ಇದ್ದಷ್ಟು ಚಲೋ. 20 ಮೆಗಾಹರ್ಟ್ಜ್ ಚಾನೆಲ್‌ನ್ಯಾಗ ರೇಡಿಯೋ ತನ್ನ ಕೊನೀ ಮೆಟ್ಟಿಲಿಗೆ, ಎಂಸಿಎಸ್ 15ಕ್ಕ ಹೋಗಿ ನಿಂತಿತ್ತು, ಲಿಂಕ್ ರೇಟ್ 130 ಎಂಬಿಪಿಎಸ್. ಮಿಲ್ಲಿನ ಸಾವಕಾರ್ರು ಸ್ಪೀಡ್ ಟೆಸ್ಟ್ ಫೋಟೋ ಹೊಡದು ವಾಟ್ಸಾಪ್ ಸ್ಟೇಟಸ್ ಹಾಕಿದ್ರು. ನಾನೂ ಹಾಕಿದ್ದೆ, ಸುಳ್ಳ್ಯಾಕ ಹೇಳ್ಲಿ.

ಮೆಟ್ಟಿಲು ಅಂದ್ನಲ್ಲ, ಅದನ್ನ ಒಂಚೂರು ಬಿಡಿಸಿ ಹೇಳ್ತೀನಿ. ರೇಡಿಯೋ ಒಂದೊಂದು ಸಲ ಒಂದು ಚುಕ್ಕಿ ಕಳಸತೈತಿ ಅಂತ ತಿಳಕೋರಿ. ಬಾಗಲ ಮುಂದ ಸಗಣಿ ಸಾರಿಸಿದ ಜಾಗದಾಗ ನಾಕು ಮೂಲಿಗೆ ನಾಕ ಚುಕ್ಕಿ ಇಟ್ರ ಅದು ಕ್ಯೂಪಿಎಸ್‌ಕೆ, ಯಾವ ಚುಕ್ಕಿ ಅಂತ ಹೇಳಿದ್ರ 2 ಬಿಟ್ ತಿಳಿದಂಗ. ಅದ ಜಾಗದಾಗ ಎಂಟು ಸಾಲು ಎಂಟು ಚುಕ್ಕಿ ಇಟ್ರ 64 ಕ್ವಾಮ್, ಒಂದೊಂದು ಚುಕ್ಕಿಗೆ 6 ಬಿಟ್. ಜಾಗ ಅಷ್ಟ, ಚುಕ್ಕಿ ಹೆಚ್ಚು, ಅಂದಮ್ಯಾಲ ಚುಕ್ಕಿ ಚುಕ್ಕಿ ನಡುವ ಅಂತರ ಕಡಿಮಿ. ಗಾಳಿ ಬೀಸಿ ರಂಗೋಲಿ ಪುಡಿ ಹರಡಿದ್ರ ನಾಕು ಮೂಲಿ ಚುಕ್ಕಿ ಯಾವ್ದು ಅಂತ ಮಕ್ಕಳೂ ಹೇಳ್ತಾರ, 64ರಾಗ ಯಾವ್ದು ಯಾವ್ದರ ಮ್ಯಾಲ ಬಿತ್ತು ಅನ್ನೋದು ಬ್ರಹ್ಮನಿಗೂ ಗೊತ್ತಾಗಂಗಿಲ್ಲ. ಇದರ ಜೋಡಿ ಕೋಡಿಂಗ್ ಅಂತ ಇನ್ನೊಂದೈತಿ, 5/6 ಅಂದ್ರ 6 ಬಿಟ್ಟಿನ್ಯಾಗ 5 ನಿಜವಾದ ಮಾಲು, 1 ತಪ್ಪು ತಿದ್ದಾಕ ಅಂತ ಕೊಟ್ಟ ಹೆಚ್ಚಿಂದು, 1/2 ಅಂದ್ರ ಅರ್ಧಕ್ಕರ್ಧ. ಇವೆರಡನ್ನ ಕೂಡಿಸಿ ಮಾಡಿದ ಮೆಟ್ಟಿಲುಗಳ ಎಂಸಿಎಸ್. ಕೆಳಗಿನ ಮೆಟ್ಟಿಲಿನಿಂದ ಮ್ಯಾಲಿನ ಮೆಟ್ಟಿಲಿಗೆ ವೈಫೈ ಸ್ಟ್ಯಾಂಡರ್ಡ್‌ನ್ಯಾಗ ಬರದಿರೋದು, ಬೇಕಾದ ಕನಿಷ್ಠ ಸಿಗ್ನಲ್ ಮೈನಸ್ 82ರಿಂದ ಮೈನಸ್ 64, ಅಂದ್ರ 18 ಡಿಬಿ, ಪವರ್ ಲೆಕ್ಕದಾಗ ಅರವತ್ತು ಪಟ್ಟು ಚಿಲ್ಲರೆ. ಚಲೋ ರೇಡಿಯೋಗಳು ಇದಕ್ಕಿಂತ ಕಡಿಮಿ ಸಿಗ್ನಲ್‌ನ್ಯಾಗೂ ಕೇಳಸ್ಕೋತಾವ, ಆದ್ರ ಮೆಟ್ಟಿಲಿನ ಅಂತರ ಹೆಚ್ಚು ಕಡಿಮಿ ಅಷ್ಟ ಇರತೈತಿ.

ಆಟೋದಾಗ ಬಿಟ್ರ ರೇಡಿಯೋ ತಾನ ನೋಡ್ಕೊಂಡು ಮೆಟ್ಟಿಲು ಏರಿ ಇಳೀತಿರತೈತಿ. ಜುಲೈ ತಿಂಗಳ್ದಾಗ ಸಾವಕಾರ್ರ ಮಗ ಫೋನ್ ಮಾಡಿ, ಅಣ್ಣಾ ಒಮ್ಮೆ 130 ತೋರಸತೈತಿ, ಒಮ್ಮೆ 117, ಒಮ್ಮೆ 104, ನೀವು 130 ಅಂತ ಹೇಳಿದ್ರೆಲ್ಲ ಅಂದ. ಅವನಿಗೆ ರೇಡಿಯೋ ಪಾಸ್‌ವರ್ಡ್ ಕೊಟ್ಟಿದ್ದು ನನ್ನ ಮೊದಲನೇ ತಪ್ಪು, ಅದು ಬ್ಯಾರೆ ಕಥಿ. ನಾನು ಸಿಗ್ನಲ್ ನೋಡಿದೆ, ಮೈನಸ್ 62, ಇಷ್ಟು ಚಲೋ ಸಿಗ್ನಲ್‌ಗೆ ಇದು ಯಾಕ ಕುಣಿಯಾಕತ್ತೈತಿ ಅಂತ ಸಿಟ್ಟು ಬಂದು ಆಟೋ ತೆಗೆದು ಎಂಸಿಎಸ್ 15ಕ್ಕ ಲಾಕ್ ಮಾಡಿಬಿಟ್ಟೆ. 130 ಅಂದ್ರ 130, ಅಳ್ಳಾಡಂಗಿಲ್ಲ. ಸಾವಕಾರ್ರ ಮಗ ಖುಷಿ, ನಾನೂ ಖುಷಿ. ಮಧ್ಯಾಹ್ನ 2 ಗಂಟೆ ಬಿಸಲಾಗ ನೋಡಿ ಮಾಡಿದ ಕೆಲಸ ಅದು, 24 ತಾಸಿಗೆ ಅನ್ವಯ ಆಗತೈತಿ ಅಂತ ತಿಳಕೊಂಡಿದ್ದೆ.

ಆಗಸ್ಟಿಗೆ ಫೋನ್ ಶುರು ಆದ್ವು.

ಮೊದಲು ಹಿಡಿದಿದ್ದು ಕನೆಕ್ಟರ್‌ನ. ಮಳಿ ನೀರು ಹೊಕ್ಕೈತಿ ಅಂತ ಟೇಪ್ ಬಿಚ್ಚಿ ನೋಡಿದ್ರ ಒಳಗ ಒಣಗಿ ಖಣಖಣ ಅನ್ನಾಕತ್ತಿತ್ತು. ನೆಟ್ ಕೇಬಲ್ ಗುಂಟನ ರೇಡಿಯೋಕ್ಕ ಕರೆಂಟ್ ಕೊಡೋ ಪಿಒಇ ಅಡಾಪ್ಟರ್ ಬದಲಿಸಿದ್ವಿ. ಕೇಬಲ್ ಬದಲಿಸಿದ್ವಿ. ನಸುಕಿನ್ಯಾಗ ಮಿಲ್ಲಿನ ಮೋಟರ್ ಚಾಲೂ ಮಾಡಿದಾಗ ವೋಲ್ಟೇಜ್ ಬೀಳತೈತೇನೋ ಅಂತ ಒಂದು ಯುಪಿಎಸ್ ಕೂಡ್ರಿಸಿದ್ವಿ, ಅದರ ಬಿಲ್ ನಮ್ಮ ಓನರ್ ಕಣ್ಣಿಗೆ ಬಿದ್ದು ನನಗ ಮಂಗಳಾರತಿ ಆತು. ಹುಡುಗ ಹೇಳಿದ, ಅಣ್ಣಾ ಪವರ್ ಏರಿಸಿಬಿಡೋಣು ಅಂತ. ಅಪ್ಪಾ, ಮೊದ್ಲೇ 36ಕ್ಕ ಕುಂತೀವಿ, ಅದರ ಮ್ಯಾಲ ಹೋದ್ರ ಕಾನೂನಿನ ಮಾತು, ಅದೂ ಅಲ್ದ ಆಮೇಲೆ ಲೆಕ್ಕ ಹಾಕಿದಾಗ ತಿಳೀತು, ನಮಗ ಕಡಿಮಿ ಬೀಳಾಕತ್ತಿದ್ದು 17 ಡಿಬಿ, ಅಂದ್ರ 50 ಪಟ್ಟು, ಎಲ್ಲಿಂದ ತರೋದು.

ಆಮ್ಯಾಲ ಇಂಟರ್‌ಫಿಯರೆನ್ಸ್ ಅಂತ, ಅಂದ್ರ ಬ್ಯಾರೆಯವ್ರ ರೇಡಿಯೋ ಅಡ್ಡ ಬರಾಕತ್ತೈತಿ ಅಂತ ಅನುಮಾನ ಬಂತು. ಈ ಅನುಮಾನ ದಡ್ಡತನದ್ದಲ್ಲ. ಹಿಂದ ಊರಾಗಿನ ಒಂದು ಸಣ್ಣ ಲಿಂಕ್‌ನ್ಯಾಗ ನನಗ ಇದ ಪಾಠ ಆಗಿತ್ತು: ಸಿಗ್ನಲ್ ಮೈನಸ್ 55, ಬಂಗಾರದಂಗ ಐತಿ, ಆದ್ರ ರೇಟ್ ಮಾತ್ರ ತಳದಾಗ ಕುಂತೈತಿ. ಯಾಕಂದ್ರ ರೇಡಿಯೋಕ್ಕ ಪ್ಯಾಕೆಟ್ ಹೋತೋ ಇಲ್ಲೋ ಅನ್ನೋದಷ್ಟ ಗೊತ್ತಾಗೋದು, ಯಾಕ ಹೋಗ್ಲಿಲ್ಲ ಅನ್ನೋದು ಗೊತ್ತಾಗಂಗಿಲ್ಲ. 1997ರ ಸುಮಾರಿಗೆ ವೇವ್‌ಲ್ಯಾನ್ ಅನ್ನೋ ಹಳೀ ವೈರ್‌ಲೆಸ್ ನೆಟ್ ರೇಡಿಯೋಗಳಾಗ ಬಂದ ಹಳೀ ನಿಯಮ ಹೆಂಗಿತ್ತಂದ್ರ, ಸಾಲಾಗಿ 10 ಪ್ಯಾಕೆಟ್ ಮುಟ್ಟಿದ್ವಂದ್ರ ಒಂದು ಮೆಟ್ಟಿಲು ಮ್ಯಾಲ ಏರು, ಸಾಲಾಗಿ 2 ತಪ್ಪಿದ್ವಂದ್ರ ಕೆಳಗ ಇಳಿ. ಸರಳ, ಚಲೋನೂ ಐತಿ. ಆದ್ರ ಪ್ಯಾಕೆಟ್ ತಪ್ಪಿದ್ದು ಸಿಗ್ನಲ್ ಸಣ್ಣದಾಗಿ ಅಲ್ಲ, ಪಕ್ಕದ ಬಿಲ್ಡಿಂಗ್‌ನವ್ರ ರೇಡಿಯೋ ಅದ ಹೊತ್ತಿಗೆ ಒದರಿದ್ದಕ್ಕ ಅಂದ್ರ? ಮೆಟ್ಟಿಲು ಇಳಿದು ಸಾವಕಾಶ ಮಾತಾಡಿದ್ರ ಅದ ಪ್ಯಾಕೆಟ್ ಗಾಳ್ಯಾಗ ಇನ್ನೂ ಹೆಚ್ಚು ಹೊತ್ತು ಇರತೈತಿ, ಹೆಚ್ಚು ಹೊತ್ತು ಇದ್ದಷ್ಟು ಇನ್ನೊಬ್ಬರ ಕೂಡ ಡಿಕ್ಕಿ ಹೊಡಿಯೋ ಸಾಧ್ಯತೆ ಹೆಚ್ಚು, ಡಿಕ್ಕಿ ಆತಂದ್ರ ಮತ್ತೊಂದು ಮೆಟ್ಟಿಲು ಕೆಳಗ. ಹಿಂಗ ಇಳಕೋತ ಇಳಕೋತ ತಳಕ್ಕ ಹೋಗಿ ಕುಂದರತೈತಿ. ಅದಕ್ಕ ಔಷಧ ಮೆಟ್ಟಿಲಿನ್ಯಾಗಿಲ್ಲ, ಚಾನೆಲ್ ಬದಲಿಸೋದ್ರಾಗೈತಿ. ಈಗಿನವು ಜಾಣ ಅದಾವ, ಲಿನಕ್ಸ್ ರೇಡಿಯೋಗಳಾಗಿನ ಮಿನ್‌ಸ್ಟ್ರೆಲ್ ಅನ್ನೋ ರೇಟು ಆರಿಸೋ ಪ್ರೋಗ್ರಾಮು ಒಂದಿಷ್ಟು ಪ್ಯಾಕೆಟ್ ಬ್ಯಾರೆ ರೇಟುಗಳನ್ನ ಸುಮ್ನ ಪರೀಕ್ಷೆ ಮಾಡಾಕ ಅಂತನ ಇಟ್ಕೊಂಡಿರತೈತಿ. ನಾನು ಸಾವಕಾರ್ರ ಮಗನ ಫೋನಿಗೆ ಸಿಟ್ಟಾಗಿ ನಿಲ್ಲಿಸಿದ 117, 104ರ ಕುಣಿತ ಇದ ಇತ್ತು, ರೋಗ ಅಲ್ಲ.

ಸರಿ, ಮಿಲ್ ಲಿಂಕಿನ ಚಾನೆಲ್‌ನ 5740ರಿಂದ 5860ಕ್ಕ ಒಯ್ದೆ. ಮರುದಿನ ನಸುಕಿನ್ಯಾಗ ಅದ ಹೊತ್ತಿಗೆ ಬಿತ್ತು. ಆ ಚಾನೆಲ್‌ನ್ಯಾಗ ಯಾರೂ ಇಲ್ಲ, ನಾಯ್ಸ್ ಮೈನಸ್ 95ರಿಂದ ಅಳ್ಳಾಡಿಲ್ಲ, ಆದ್ರೂ ಬಿತ್ತು. ಇಲ್ಲಿಗೆ ಇಂಟರ್‌ಫಿಯರೆನ್ಸ್ ಅನುಮಾನ ಮುಗೀತು. ಕೊನೀಗೆ ಏನೂ ತೋಚದ ಲಾಕ್ ತೆಗೆದು ಆಟೋಕ್ಕ ಬಿಟ್ಟೆ.

ಬಿಟ್ಟ ಮರುದಿನದಿಂದ ಫೋನ್ ಬಂದ್! ಲಿಂಕ್ ಬೀಳ್ಲಿಲ್ಲ. ನಮ್ಮ ಮಾನಿಟರಿಂಗ್ ಸ್ಕ್ರೀನ್ ಮ್ಯಾಲ ಹಸಿರು ಬಣ್ಣ ರಾತ್ರಿ ಹಗಲು. ನಾನು ಗೆದ್ದೆ ಅಂತ ತಿಳಕೊಂಡು ಓನರ್ ಮುಂದ ಸಣ್ಣದೊಂದು ಭಾಷಣನೂ ಮಾಡಿದೆ. ಈ ಲಿಂಕಿನ್ಯಾಗ ನನ್ನ ದೊಡ್ಡ ತಪ್ಪು ಯಾವ್ದು ಅಂತ ಯಾರರ ಕೇಳಿದ್ರ ಲಾಕ್ ಮಾಡಿದ್ದಲ್ಲ, ಆಟೋಕ್ಕ ಬಿಟ್ಟು ಫೈಲ್ ಮುಚ್ಚಿದ್ದು ಅಂತೀನಿ. ಲಾಕ್ ಮಾಡಿದಾಗ ಕನಿಷ್ಠ ಲಿಂಕ್ ಬಿದ್ದು ಒದರ್ತಿತ್ತು. ಆಟೋದಾಗ ಅದು ಯಾರಿಗೂ ಹೇಳದ ಸುಮ್ನ ಕೆಳಗ ಇಳಿದು, ಎರಡು ತಾಸು ನರಳಿ, ಬಿಸಲು ಬಂದ ಮ್ಯಾಲ ಎದ್ದು ಬರ್ತಿತ್ತು. ಪಿಂಗ್ (ಲಿಂಕ್ ಜೀವಂತ ಐತೋ ಇಲ್ಲೋ ಅಂತ ಕೇಳೋ ಸಣ್ಣ ಪ್ಯಾಕೆಟ್) ಹೋಗತೈತಿ, ಹಸಿರು ಬಣ್ಣ ಐತಿ, ಮತ್ತೇನು ಬೇಕು?

ಮೂರು ವಾರ ಬಿಟ್ಟು ಗುಮಾಸ್ತರು ಫೋನ್ ಮಾಡಿದ್ರು, ಈ ಸಲ ಸಿಟ್ಟಿಲ್ಲ, ಬ್ಯಾಸರ ಇತ್ತು. "ನೆಟ್ ಇರತೈತಪಾ, ಆದ್ರ ಬಿಲ್ ತಿರಗತೈತಿ ತಿರಗತೈತಿ, ಒಂದೊಂದು ಬಿಲ್ಲಿಗೆ ನಾ ಚಾ ಕುಡದು ಬರ್ತೀನಿ." ಅವತ್ತ ನಾನು ಮೊದಲ ಸಲ ಮೆಟ್ಟಿಲಿನ ಲಾಗ್ ತೆಗೆದು ನೋಡಿದೆ. ನಸುಕಿನ 4ರ ಸುಮಾರಿಗೆ ಶುರು, ಸಿಗ್ನಲ್ ಮೈನಸ್ 62ರಿಂದ ಮೈನಸ್ 79, 80, ಕೆಲವು ದಿನ 85. ರೇಟ್ ಎಂಸಿಎಸ್ 9ಕ್ಕ ಇಳಿದು 26 ಎಂಬಿಪಿಎಸ್, ಅದೂ ಗಾಳ್ಯಾಗಿನ ರೇಟು, ಹೋಗಿ ಬಂದು ಎಲ್ಲಾ ಕೂಡಿ ಕೈಗೆ ಸಿಗೋದು ಅದರಾಗ ಅರ್ಧ ಚಿಲ್ಲರೆ. ಮಿಲ್ಲಿನ್ಯಾಗ 8 ಕ್ಯಾಮೆರಾ, ಒಂದೊಂದು 2 ಎಂಬಿಪಿಎಸ್, ರೆಕಾರ್ಡಿಂಗ್ ಡಬ್ಬಿ ಊರಾಗ ಸಾವಕಾರ್ರ ಮನಿಯಾಗ. 16 ಎಂಬಿಪಿಎಸ್ ಕ್ಯಾಮೆರಾಗಳ ತಿಂತಿದ್ವು. ಪಾಪ, ಎರಡು ಕೆಬಿ ಬಿಲ್ಲು ಕ್ಯಾಮೆರಾ ಸಾಲಿನ ಹಿಂದ ಪಾಳಿ ಹಚ್ಚಿ ನಿಂತಿರ್ತಿತ್ತು.

ಇಲ್ಲೊಂದು ಮಾತು. ಮಿಲ್ಲಿನ್ಯಾಗ ನಾನು ರೂಟರ್‌ನ್ಯಾಗ ಬಿಲ್ಲಿಂಗ್ ಕಂಪ್ಯೂಟರಿಗೆ ಮೊದಲು ಜಾಗ ಅಂತ ನಿಯಮ ಹಾಕಿದ್ದೆ, ಅದು ಯಾಕ ಕೆಲಸ ಮಾಡ್ಲಿಲ್ಲ? ರೂಟರ್‌ಗೆ ನಾ ಹೇಳಿದ್ದು ಲಿಂಕ್ 60 ಎಂಬಿಪಿಎಸ್ ಐತಿ ಅಂತ. ರೇಡಿಯೋ ಇಳಿದದ್ದು ರೂಟರ್‌ಗೆ ಗೊತ್ತ ಇಲ್ಲ, ಇನ್ನೂ 60 ಐತಿ ಅಂತ ಎಲ್ಲಾನೂ ಬಿಡತೈತಿ, ಪಾಳಿ ಬೆಳಿಯೋದು ರೇಡಿಯೋದ ಹೊಟ್ಟ್ಯಾಗ, ಅಲ್ಲಿ ಯಾರ ಬಿಲ್ಲು ಯಾರ ಕ್ಯಾಮೆರಾ ಅನ್ನೋ ಭೇದ ಇಲ್ಲ. ರೇಡಿಯೋ ಹವಾಮಾನಕ್ಕ ಹೊಂದಿಕೊಂಡ್ರ ಸಾಲಂಗಿಲ್ಲ, ಅದರ ಹಿಂದಿನವ್ರೂ ಹೊಂದಿಕೊಬೇಕು. ಕ್ಯಾಮೆರಾಗಳನ್ನ ಅರ್ಧ ಎಂಬಿಪಿಎಸ್‌ನ ಸಬ್ ಸ್ಟ್ರೀಮ್‌ಗೆ ಹಾಕಿ, ಪಾಳಿ ನಿಯಮನ ರೇಡಿಯೋದಾಗ ಹಚ್ಚಿದ ದಿನದಿಂದ ಬಿಲ್ ಸರಾಗ ಆದ್ವು. ಸಾವಕಾರ್ರು ಕ್ಯಾಮೆರಾ ಮಸುಕಾಗೈತಿ ಅಂತ ಒಂದು ಮಾತು ಅಂದ್ರು, ಹಮಾಲರ ಮುಖ ಕಾಣ್ತಾವಲ್ರಿ ಸಾಕಲ್ರಿ ಅಂದೆ.

ಆದ್ರ 17 ಡಿಬಿ ಎಲ್ಲಿ ಹೋಗತೈತಿ ಅನ್ನೋದು ತಲ್ಯಾಗ ಕೊರಿಯಾಕತ್ತಿತ್ತು. ಲಾಗ್‌ನ ದಿನಾ ದಿನಾ ಹರವಿಕೊಂಡು ಕುಂತಾಗ ಒಂದು ವಿಚಿತ್ರ ಕಂಡಿತು. ಮಳಿ ಬಂದ ರಾತ್ರಿ, ಗಾಳಿ ಜೋರಿದ್ದ ರಾತ್ರಿ ಲಿಂಕ್ ನೆಟ್ಟಗೈತಿ. ಮೋಡಿಲ್ಲದ, ಗಾಳಿ ಇಲ್ಲದ, ತಂಪನ ರಾತ್ರಿ ಕಳದ ನಸುಕಿನ್ಯಾಗನ ಬೀಳೋದು. ನಾವೆಲ್ಲಾ ಮಳಿಗೆ ಅಂಜೋರು. 5.8ಕ್ಕ ಮಳಿ ಲೆಕ್ಕಕ್ಕಿಲ್ಲ, ಮಳಿ ತಿನ್ನೋದು 10 ಗಿಗಾಹರ್ಟ್ಜ್ ದಾಟಿದ ಮ್ಯಾಲ, ಮೊಬೈಲ್ ಕಂಪನಿಯವ್ರ 15, 23 ಗಿಗಾಹರ್ಟ್ಜ್ ಮೈಕ್ರೋವೇವ್ ಲಿಂಕ್‌ಗಳನ್ನ. ಅವೂ ಇದ ರೀತಿ ಮಳಿ ಬಂದಾಗ 256 ಕ್ವಾಮ್‌ನಿಂದ ಕ್ಯೂಪಿಎಸ್‌ಕೆಗೆ ಇಳಿದು, ಮಾತಿನ ಟ್ರಾಫಿಕ್ ಉಳಿಸಿ ಡೇಟಾ ಕಡಿಮಿ ಮಾಡಿ ಬದುಕತಾವ. ನನ್ನ ಲಿಂಕ್ ತಿನ್ನಾಕತ್ತಿದ್ದು ಮಳಿ ಅಲ್ಲ.

ಒಂದು ದಿನ ನಸುಕಿನ್ಯಾಗ ಮಿಲ್ಲಿನ ಚಾವಣಿ ಮ್ಯಾಲ ಏರಿ ಕುಂತೆ, ಲ್ಯಾಪ್‌ಟಾಪ್ ತೊಡಿ ಮ್ಯಾಲ. ಐದೂವರೆ. ಒಂದು ಎಲಿ ಅಳ್ಳಾಡವಲ್ದು. ಬೆಳಕು ಹರಿದಂಗ ಕೆಳಗಿನದು ಕಣ್ಣಿಗೆ ಬಿತ್ತು, ಮೇ ತಿಂಗಳ್ದಾಗ ನಾ ನೋಡಿ ಹೋದ ಒಣ ಬಯಲು ಇರ್ಲೇ ಇಲ್ಲ. ನಾಟಿ ಮಾಡಿ ತಿಂಗಳಾದ ಗದ್ದಿ, ಸಸಿ ನಡುವ ನಿಂತ ನೀರು, ಆ ನೀರಾಗ ಪಕ್ಕದ ಮಿಲ್ಲಿನ ಚಿಮಣಿ ತಲಿಕೆಳಗಾಗಿ ನಿಂತಿತ್ತು, ಹೊಗಿ ಸಮೇತ. ಹೊಗಿ ಮ್ಯಾಲ ಹೋಗ್ತಿರ್ಲಿಲ್ಲ, ಒಂದೆತ್ತರಕ್ಕ ಹೋಗಿ ಅಲ್ಲೇ ಹಾಸಿಗಿಯಂಗ ಅಡ್ಡ ಹರವಿಕೊಂಡಿತ್ತು. ಲ್ಯಾಪ್‌ಟಾಪ್ ನೋಡಿದೆ: ಮೈನಸ್ 81. ನನ್ನ ಲಿಂಕಿನ ಖಾಯಿಲಿ ಎರಡೂ ಒಂದ ಚಿತ್ರದಾಗ ಎದುರಿಗಿತ್ತು, ಕೆಳಗ ಕನ್ನಡಿ, ಮ್ಯಾಲ ತಂಪು ಗಾಳಿ ಮ್ಯಾಲ ಬಿಸಿ ಗಾಳಿ ಕುಂತ ಪದರು.

ಕನ್ನಡಿದು ಮೊದಲು. ಟವರ್‌ನಿಂದ ಹೊಂಟ ಸಿಗ್ನಲ್ ಒಂದು ನೆಟ್ಟಗ ಬರತೈತಿ, ಇನ್ನೊಂದು ನೆಲಕ್ಕ ಬಡದು ಬರತೈತಿ. ಡಿಸೈನ್ ಟೇಬಲ್‌ಗಳಾಗ ಒಣ ಬಯಲು ಬಡದಿದ್ದರಾಗ ಅರ್ಧದಷ್ಟು ವಾಪಸ್ ಕೊಡತೈತಿ ಅಂತೈತಿ, ಭತ್ತದ ಗದ್ದಿ ಐದರಾಗ ನಾಕು ಪಾಲು, ನಿಂತ ಕೆರಿ ಪೂರ್ತಿ. ಬಡದು ಬಂದದ್ದು ತಲಿಕೆಳಗಾಗಿ ಬರತೈತಿ, ಅದಕ್ಕ ಎರಡರ ದಾರಿ ವ್ಯತ್ಯಾಸ ತರಂಗದ ಉದ್ದಕ್ಕ ಸರಿಯಾಗಿ ಒಂದು ಪಟ್ಟು, ಎರಡು ಪಟ್ಟು ಆದ್ರ ಒಂದನ್ನೊಂದು ಹೊಡದು ಹಾಕ್ತಾವ, ಒಂದೂವರೆ ಪಟ್ಟು ಆದ್ರ ಕೂಡಿ ದೊಡ್ಡದಾಗತಾವ. 5.8 ಗಿಗಾಹರ್ಟ್ಜ್ ತರಂಗದ ಉದ್ದ 5.17 ಸೆಂಟಿಮೀಟರ್. ನನ್ನ ಎತ್ತರ 30 ಮತ್ತ 20.5, ದೂರ 12 ಕಿಲೋಮೀಟರ್, ಎರಡು ಎತ್ತರ ಗುಣಿಸಿ, ಎರಡರಿಂದ ಗುಣಿಸಿ, ದೂರದಿಂದ ಭಾಗಿಸಿದ್ರ 10.25 ಸೆಂಟಿಮೀಟರ್. ತರಂಗದ ಎರಡು ಪಟ್ಟು 10.34. ಕ್ಯಾಲ್ಕುಲೇಟರ್ ಕೈಯಾಗ ಹಿಡಕೊಂಡು ಸ್ವಲ್ಪ ಹೊತ್ತು ಸುಮ್ನ ಕುಂತೆ. ಇಡೀ ತಾಲೂಕಿನ್ಯಾಗ ಡಿಶ್ ಇಡಬಾರದ ಎತ್ತರ ಹುಡುಕಿ ಇಟ್ಟಂಗಿತ್ತು.

ಹಂಗಾದ್ರ ಹಗಲು ಯಾಕ ಚಲೋ? ಮ್ಯಾಲಿನ ಲೆಕ್ಕ ಭೂಮಿ ಚಪ್ಪಟೆ ಅಂತ ಹಿಡಿದ ಲೆಕ್ಕ. ಹಗಲು ಗಾಳಿ ಕಲಸಿಕೊಂಡಿರೋವಾಗ ಭೂಮಿಯ ಉಬ್ಬು ಲೆಕ್ಕಕ್ಕ ಬರತೈತಿ, 12 ಕಿಲೋಮೀಟರ್ ನಡುವ 2 ಮೀಟರ್ ಚಿಲ್ಲರೆ, ಎರಡೂ ಡಿಶ್ ಅಷ್ಟು ಗಿಡ್ಡ ಆದಂಗ, ದಾರಿ ವ್ಯತ್ಯಾಸ 8.6 ಸೆಂಟಿಮೀಟರ್‌ಗೆ ಇಳೀತೈತಿ. ಅದು ಒಂದೂವರೆ ಪಟ್ಟಿಗೆ ಹತ್ತಿರ, ಅಂದ್ರ ಕೂಡೋ ಕಡೆ. ಅದಕ್ಕ ಗದ್ದ್ಯಾಗ ನೀರು ಬಂದ ಮ್ಯಾಲ ಹಗಲಿನ ಸಿಗ್ನಲ್ ಮೇ ತಿಂಗಳಿಗಿಂತ 1 ಡಿಬಿ ಹೆಚ್ಚಾಗಿತ್ತು, ಅದನ್ನ ನೋಡಿನ ನಾ ಲಾಕ್ ಮಾಡಿದ್ದು! ರಾತ್ರಿ ನೆಲ ತಂಪಾಗಿ, ಹಸಿ ಗದ್ದಿ ಮ್ಯಾಲ ತಂಪು ಗಾಳಿ ಕುಂತು, ಅದರ ಮ್ಯಾಲ ಬಿಸಿ ಗಾಳಿ ಬಂದ್ರ ತರಂಗ ನೆಲದ ಕಡೆ ಬಾಗತೈತಿ, ಭೂಮಿಯ ಉಬ್ಬಿನ ಜೋಡಿ ತಾನೂ ಬಾಗಿ ಬಂದ್ರ ಭೂಮಿ ಚಪ್ಪಟೆ ಇದ್ದಂಗ ಲೆಕ್ಕ. ನಸುಕಿಗೆ ಚಪ್ಪಟೆ ಲೆಕ್ಕ ನಿಜ ಆಗತೈತಿ, 10.25 ಸೆಂಟಿಮೀಟರ್ ಹೊಡತ ಬೀಳತೈತಿ. ಚಾನೆಲ್ ಬದಲಿಸಿದ್ರ ಯಾಕ ಏನೂ ಆಗ್ಲಿಲ್ಲ ಅನ್ನೋದೂ ಇಲ್ಲೇ ಐತಿ, 120 ಮೆಗಾಹರ್ಟ್ಜ್ ಸರಿಸಿದ್ರ ತರಂಗದ ಉದ್ದ ಒಂದು ಮಿಲಿಮೀಟರ್ ಸುಮಾರು ಬದಲಾಗತೈತಿ, ಎಲ್ಲಿ ಸಾಕಾಗಬೇಕು.

ಡಿಶ್‌ನ ಸ್ವಲ್ಪ ಮ್ಯಾಲ ಮುಖ ಮಾಡಿದ್ರ ನೆಲಕ್ಕ ಬಡದಿದ್ದು ಬೀಳಂಗಿಲ್ಲ ಅಂತ ಓನರ್ ಅಂದ್ರು. ಎರಡೂ ಬರೋ ದಿಕ್ಕಿನ ನಡುವ ಅಂತರ ಡಿಗ್ರಿಯ ಮೂರನೇ ಒಂದು ಪಾಲೂ ಇಲ್ಲ, ನಮ್ಮ ಡಿಶ್ಶಿನ ಕಣ್ಣು ಐದಾರು ಡಿಗ್ರಿ ಅಗಲ, ಅದಕ್ಕ ಎರಡೂ ಒಂದ.

ಉಳಿದಿದ್ದು ಎತ್ತರ ಬದಲಿಸೋದು. ನಮ್ಮ ಲೈನ್‌ನ್ಯಾಗ ಎಲ್ರಿಗೂ ಒಂದು ನಂಬಿಕಿ, ಎತ್ತರ ಇದ್ದಷ್ಟೂ ಚಲೋ, ಅದಕ್ಕ ಓನರ್ 6 ಮೀಟರ್ ಪೈಪ್ ತರ್ಸಾಕ ಹೊಂಟಿದ್ರು. ನಾನು ಇಳಸ್ತೀನಿ ಅಂದೆ. ಚಾವಣಿ 12 ಮೀಟರ್, ಅದರ ಮ್ಯಾಲ 4 ಮೀಟರ್, ಒಟ್ಟು 16. ನಸುಕಿನ ಲೆಕ್ಕಕ್ಕ 8 ಸೆಂಟಿಮೀಟರ್ ಬರತೈತಿ, ತರಂಗದ ಒಂದೂವರೆ ಪಟ್ಟು ಚಿಲ್ಲರೆ, ನಸುಕಿನ್ಯಾಗ ಕೂಡೋ ಕಡೆ, ಹಗಲು ಸ್ವಲ್ಪ ಕಡಿಮಿ ಕೂಡೋ ಕಡೆ, ಎರಡೂ ಬದುಕು. ನಡುದಾರ್ಯಾಗ ಫ್ರೆನೆಲ್ ಜಾಗ, ಅಂದ್ರ ತರಂಗ ಹಾಯಾಕ ಸುತ್ತ ಖಾಲಿ ಬಿಡಬೇಕಾದ ಜಾಗ, ಹನ್ನೆರಡೂವರೆ ಮೀಟರ್ ಬೇಕು, 16ಕ್ಕ ಇಳಸಿದ್ರೂ 20 ಮೀಟರ್ ಖಾಲಿ ಉಳೀತೈತಿ. ಯು-ಬೋಲ್ಟ್ ಸಡ್ಲಿಸಿ ಡಿಶ್‌ನ ಪೈಪ್ ಗುಂಟ ಜಾರಿಸಿ ಬಿಗಿದು ದಿಕ್ಕು ಕೂಡ್ರಿಸೋಕ ಒಂದೂವರೆ ತಾಸು ಹಿಡೀತು, ಖರ್ಚು ಎರಡು ಚಾ. ಕೆಳಗ ನಿಂತ ಗುಮಾಸ್ತರು, "ಅಲ್ಲೋ ತಮ್ಮಾ, ನೆಟ್ ಬರವಲ್ದಂದ್ರ ಎಲ್ರೂ ಮ್ಯಾಲ ಏರಸ್ತಾರ, ನೀ ಏನು ಕೆಳಗ ಇಳಸಾಕತ್ತಿ" ಅಂತ ಮಿಲ್ಲಿನ ಹುಡುಗ್ರ ಮುಂದ ನಗಾಡಿದ್ರು.

ಅವತ್ತಿನಿಂದ ನಸುಕಿನ್ಯಾಗ ಮೈನಸ್ 68ಕ್ಕಿಂತ ಕೆಳಗ ಹೋಗಿದ್ದು ಅಪರೂಪ. ಪೂರ್ತಿ ವಾಸಿ ಆಗಿಲ್ಲ, ಗಾಳಿ ಪದರಿನ ಆಟ ಇನ್ನೂ ಐತಿ, ಕೆಲವು ದಿನ ಎಂಸಿಎಸ್ 12ಕ್ಕ, 78 ಎಂಬಿಪಿಎಸ್‌ಗೆ ಇಳೀತೈತಿ, ಯಾರಿಗೂ ಗೊತ್ತಾಗಂಗಿಲ್ಲ. ಆಟೋ ಇಟ್ಟೀನಿ, ಆದ್ರ ಮ್ಯಾಲಿನ ಮಿತಿ 13ಕ್ಕ ಕಟ್ಟೀನಿ. 15 ಏರೋದು, ಸೋಲೋದು, ಇಳಿಯೋದು, ಮತ್ತ ಏರೋದು, ಇದರಾಗ ಹಾಳಾಗೋ ಪ್ಯಾಕೆಟ್ಟಿಗಿಂತ 104ರಾಗ ಸುಮ್ನ ಕುಂದ್ರೋದು ವಾಸಿ. ಸಾವಕಾರ್ರ ಮಗನ ಪಾಸ್‌ವರ್ಡ್ ಬದಲಿಸೀನಿ.

ಹಂಗಂತ ಒಂದೂ ಪ್ಯಾಕೆಟ್ ತಪ್ಪಬಾರದು ಅಂತ ಹಠ ಹಿಡಿಯೋದೂ ತಪ್ಪು. ನಿಮ್ಮ 4ಜಿ ಫೋನು ಟವರಿಗೆ ನನಗಿಷ್ಟು ಕೇಳಸತೈತಿ ಅಂತ 0ಯಿಂದ 15ರ ತನಕ ಒಂದು ನಂಬರ್ ಹೇಳತೈತಿ, ಟವರ್ ಆ ನಂಬರ್ ನೋಡಿ ಎಷ್ಟು ಹೇರಬೇಕು ಅಂತ ಮಿಲಿಸೆಕೆಂಡಿಗೊಮ್ಮೆ ತೀರ್ಮಾನ ಮಾಡತೈತಿ, ಅಲ್ಲಿ ಗುರಿ ಸೊನ್ನೆ ತಪ್ಪಲ್ಲ, ಮೊದಲ ಸಲಕ್ಕ ನೂರಕ್ಕ ಹತ್ತು ಬ್ಲಾಕ್ ತಪ್ಪಿದ್ರೂ ನಡೀತೈತಿ, ಮತ್ತ ಕಳಿಸಿ ಹಳೇದರ ಜೋಡಿ ಕೂಡಿಸಿ ಓದಿದ್ರಾತು. ಒಂದೂ ತಪ್ಪುತ್ತಿಲ್ಲ ಅಂದ್ರ ಲಾರಿ ಅರ್ಧ ಖಾಲಿ ಓಡಾಕತ್ತೈತಿ ಅಂತ ಅರ್ಥ. ಗುಮಾಸ್ತರಿಗೆ ಇದನ್ನ ಹೇಳಿದಾಗ ತಟ್ಟನ ತಿಳೀತು ಅವ್ರಿಗೆ.

ಮಾನಿಟರಿಂಗ್‌ನ್ಯಾಗ ಈಗ ಪಿಂಗ್ ಅಷ್ಟ ನೋಡಂಗಿಲ್ಲ, ಲಿಂಕ್ ತನ್ನ ರೂಢಿ ಮೆಟ್ಟಿಲಿನಿಂದ ಮೂರು ಮೆಟ್ಟಿಲು ಕೆಳಗ ಇಳಿದು ಹತ್ತು ನಿಮಿಷ ಅಲ್ಲೇ ಕುಂತ್ರ ನನ್ನ ಫೋನಿಗೆ ಮೆಸೇಜ್ ಬರತೈತಿ. ಮೊದಲ ವಾರ ರಾತ್ರಿ ಎಲ್ಲಾ ಟಣ್ ಟಣ್ ಅಂದು ಮನಿಯಾಕಿ ಫೋನ್ ಹೊರಗ ಒಗೀತೀನಿ ಅಂದ್ಲು. ಆದ್ರ ಇನ್ನೂ ಎರಡು ಲಿಂಕ್ ಇದ ರೀತಿ ಗುಟ್ಟಾಗಿ ನರಳಾಕತ್ತಿದ್ವು ಅಂತ ಅದ್ರಿಂದನ ತಿಳೀತು, ಒಂದು ಕಾರಟಗಿ ಕಡೀದು, ಎರಡೂ ಗದ್ದಿ ಮ್ಯಾಲ ಹಾಯ್ದಂಥವ.

ಮೊನ್ನೆ ಹೊಸ ಹುಡುಗ್ರು ಮಾಡಾಕ ಹೊಂಟಿದ್ದು ಇದನ್ನ. ಹೊಸ ಕ್ಯಾಂಪಿನ ಲಿಂಕು, ಕಾಲುವಿ ನೀರು ಬಂದ್ ಆಗಿದ್ದ ದಿನಗಳಾಗ ಹಾಕಿದ್ದು, ಸಿಗ್ನಲ್ ಚಲೋ, ರೇಟ್ ಕುಣಿಯಾಕತ್ತೈತಿ ಅಣ್ಣಾ, ಲಾಕ್ ಮಾಡ್ಲೇನು ಅಂತ ಫೋನಿನ್ಯಾಗ ಕೇಳಿದ್ರು. ತುಂಗಭದ್ರಾ ಎಡದಂಡೆ ಕಾಲುವಿಗೆ ನೀರು ಯಾವಾಗ ಬಿಡ್ತಾರ ಅಂತ ಕೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ, ಇವನಿಗೆ ನೆಟ್ ಕೇಳಿದ್ರ ನೀರು ಅಂತಾನಲ್ಲ ಅಂತ ಅಂದುಕೊಂಡಿರಬೇಕು. ಈಗ ನಮ್ಮ ಸರ್ವೇ ಫಾರ್ಮಿನ್ಯಾಗ ಒಂದು ಕಾಲಂ ಹೆಚ್ಚಾಗೈತಿ, ನಡುದಾರ್ಯಾಗ ಏನು ಬೆಳಿ, ಯಾವ ತಿಂಗಳು ನೀರು ನಿಲ್ಲತೈತಿ ಅಂತ. ಹುಡುಗ ಮೊದಲ ಸಲ ತುಂಬಿದಾಗ "ನೆಲ್ಲು, ಎರಡು ಬೆಳಿ, ಈ ವರ್ಷ ರೇಟ್ ಕಡಿಮಿ" ಅಂತ ಬರದು ತಂದಿದ್ದ.